ಒರಳುಕಲ್ಲಿನ ಜಾಗ

ಮಗಳ ಮನೆಗೆ ಹೋದ ಹೆಂಡತಿ ಇನ್ನೆರಡು ಸೀರೆ ತರಿಸಿಕೊಂಡರೆ ಗಾಬರಿಯಾಗಬೇಕಿಲ್ಲ. ಕಂಬಳಿ ತರಿಸಿಕೊಂಡರೂ ಪಾಪ, ಚಳಿಯಿರಬೇಕು ಎಂದುಕೊಳ್ಳಬಹುದು. ಒರಳುಕಲ್ಲನ್ನೇ ಕೇಳಿದಳು ಅಂದರೆ ಮಾತ್ರ ಮುಗಿಯಿತು, ಅವಳು ಅಲ್ಲೇ ನೆಲೆ ನಿಂತಳು ಅಂತಲೇ ಲೆಕ್ಕ.

ವನಗೂರಿನ ಸುಬ್ಬಯ್ಯನಿಗೆ ಬೆಳಿಗ್ಗೆ ಬಂದದ್ದು ಇಂಥದೇ ಫೋನು. "ಸಾಯಂಕಾಲ ಗಾಡಿ ಮಾಡ್ಕೊಂಡು ಬರ್ತೀನಿ ಕಣ್ರೀ. ಹಿತ್ತಲಲ್ಲಿರೋ ಒರಳುಕಲ್ಲು ಬೇಕು. ಅಳಿಯಂಗೆ ಮಿಕ್ಸಿ ಚಟ್ನಿ ಸೇರಾಕಿಲ್ಲ," ಎಂದು ಗಂಗಾಮಣಿ ಫೋನಿಟ್ಟಳು.

ಹಾಸನದಲ್ಲಿರುವ ಮಗಳು ಶೃತಿಯ ಎರಡನೇ ಬಾಣಂತನಕ್ಕೆಂದು ಹೋದವಳು ದೀಪಾವಳಿ ಕಳೆದು, ಶಿವರಾತ್ರಿ ಕಳೆದು, ಕಾಫಿ ಹೂವಾಗುವ ಕಾಲ ಬಂದರೂ ವಾಪಸಾಗಿರಲಿಲ್ಲ. ಕರೆದರೆ ಒಂದೇ ಮಾತು: "ಆ ಹೊಸಾ ಮನೇಲಿ ನಂಗೆ ಉಸಿರು ಕಟ್ತೈತೆ." ಸುಬ್ಬಯ್ಯ ಹಳೆಯ ಮಣ್ಣಿನ ಅಡುಗೆಮನೆ ಕೆಡವಿ, ಮುಖ ಕಾಣುವಂಥ ಟೈಲ್ಸ್ ಹಾಕಿಸಿ, ಊರಿಗೆಲ್ಲ ತೋರಿಸಿ ಮೆರೆದ ಮನೆ ಅದು. ಈಗ ಅದರಲ್ಲಿ ಅವನೊಬ್ಬನೇ. ಅಭ್ಯಾಸಬಲದಿಂದ "ಗಂಗೂ" ಎಂದು ಕೂಗಿದರೆ ನಾಲ್ಕು ಗೋಡೆಗಳೂ "ಗೂ... ಗೂ..." ಎಂದು ಅಣಕಿಸುತ್ತಿದ್ದವು. ಅವಳಿಲ್ಲದೆ ಅನ್ನ ಸೇರುತ್ತಿರಲಿಲ್ಲ. ಅವಳ ಬೈಗುಳ ಕೇಳದೆ ಕಿವಿಗೆ ಏನೋ ಕಳೆದುಕೊಂಡ ಹಾಗಾಗಿತ್ತು.

ಆನೇಮಹಲ್ ಹತ್ತಿರ ಮಣ್ಣಿನ ಮನೆ ಕಟ್ಟಿಸುತ್ತಿದ್ದ ಇಂಜಿನಿಯರ್ ಹುಡುಗಿ ಮಾನಸಾ ಹೋದ ವಾರ ಮೆಣಸು ಕೊಳ್ಳಲು ಬಂದಾಗ ಗೋಡೆ ತಟ್ಟಿ ನೋಡಿ ಹೇಳಿದ್ದಳು: "ಅಂಕಲ್, ಮನೆ ಬರೀ ಕಣ್ಣಿಗಲ್ಲ. ಕಾಲಿಗೆ ನೆಲ ಹಿತ ಅನ್ನಿಸ್ಬೇಕು, ಮೂಗಿಗೆ ವಾಸನೆ ಸಿಗ್ಬೇಕು, ಕಿವಿಗೆ ಹೊರಗಿನ ಸದ್ದು ಕೇಳ್ಬೇಕು. ಆಗ್ಲೇ ಮೈಯೂ ಮನಸ್ಸೂ ಚೆನ್ನಾಗಿರೋದು. ನಿಮ್ಮನೇಲಿ ಕಣ್ಣಿಗೆ ಮಾತ್ರ ಹಬ್ಬ, ಮಿಕ್ಕಿದ್ದಕ್ಕೆಲ್ಲ ಉಪವಾಸ." ಅವತ್ತು ಸುಬ್ಬಯ್ಯ ನಕ್ಕಿದ್ದ. ಇವತ್ತು ಆ ಮಾತೇ ಗತಿಯಾಯಿತು. ಕಾಲು, ಮೂಗು, ಕಿವಿ. ಮೂರನ್ನೂ ಸಾಯಂಕಾಲದೊಳಗೆ ಸರಿ ಮಾಡಿದರೆ ಗಂಗಾಮಣಿ ಉಳಿದಾಳು.

ಪಕ್ಕದ ಮನೆಯ ಶಾಂತಮಲ್ಲಪ್ಪನ ಕಿವಿಗೆ ಸುದ್ದಿ ಬಿದ್ದಿದ್ದೇ ತಡ, ಪಂಚೆ ಎತ್ತಿ ಕಟ್ಟಿಕೊಂಡು ಬಂದೇಬಿಟ್ಟರು. ಅವರಿಗೆ ಗೊತ್ತಿಲ್ಲದ ವಿಷಯ ಭೂಮಿ ಮೇಲಿರಲಿಲ್ಲ, ಗೊತ್ತಿದ್ದು ಕೆಲಸಕ್ಕೆ ಬಂದ ವಿಷಯವೂ ಇರಲಿಲ್ಲ.

"ನೆಲಕ್ಕೆ ಸಗಣಿ ಸಾರಿಸು ಮಾರಾಯ! ಹೆಂಗಸರ ಕಾಲಿಗೆ ಅದರಷ್ಟು ಹಿತ ಬೇರೆ ಇಲ್ಲ."

"ಟೈಲ್ಸ್ ಮೇಲಾ?"

"ನೆಲ ನೆಲವೇ ಕಣಯ್ಯಾ!"

ಎರಡು ಬಕೆಟ್ ಸಗಣಿ ಕಲಸಿ ಬಳಿದರು. ಮಣ್ಣಾದರೆ ಹೀರಿಕೊಳ್ಳುತ್ತಿತ್ತು, ಟೈಲ್ಸ್ ಒಂದು ತೊಟ್ಟನ್ನೂ ಒಳಗೆ ಬಿಟ್ಟುಕೊಳ್ಳಲಿಲ್ಲ. ಹೇಗೆ ಒಣಗಿಸುವುದೆಂದು ವಿವರಿಸುತ್ತ ಶಾಂತಮಲ್ಲಪ್ಪ ಒಂದು ಹೆಜ್ಜೆ ಇಟ್ಟರು. ಮಿಕ್ಕ ಹೆಜ್ಜೆಗಳನ್ನು ಇಡುವ ಅಗತ್ಯವೇ ಬೀಳಲಿಲ್ಲ. ನಡುಮನೆಯಿಂದ ಜಾರಿದವರು ದೇವರಮನೆಯ ಹೊಸ್ತಿಲಿಗೆ ಸೊಂಟ ಬಡಿದು ನಿಂತರು.

"ಅಯ್ಯಯ್ಯೋ, ನನ್ ಸೊಂಟ ಹೋಗ್ಬುಡ್ತು ಕಣೋ!"

ಅವರನ್ನು ಜಗುಲಿಯಲ್ಲಿ ಮಲಗಿಸಿ, ಸುಬ್ಬಯ್ಯ ಮೂಗಿನ ಕೆಲಸಕ್ಕೆ ಇಳಿದ. ತೋಟಕ್ಕೆ ಹೋಗಿ ಹೂ ತುಂಬಿದ ಕಾಫಿ ರೆಂಬೆಗಳನ್ನು ಮುರಿದು ತಂದ. ಹೂವೆಂದರೆ ಬರುವ ವರ್ಷದ ಫಸಲು. ಮೊಮ್ಮಗಳು ಒಂದು ಹೂ ಕಿತ್ತಿದ್ದಕ್ಕೆ ಊರು ಕೇಳುವಂತೆ ಬೈದಿದ್ದ ಮನುಷ್ಯ ಈತ. ಆದರೂ ಮುರಿದ. ಹಳೆಯ ಅಡುಗೆಮನೆಯ ಸೌದೆಹೊಗೆಯ ವಾಸನೆಯೂ ಇರಲಿ ಎಂದು ಗ್ರಾನೈಟ್ ಕಟ್ಟೆಯ ಕೆಳಗೆ ಮೂರು ಕಲ್ಲಿಟ್ಟು ಬೆಂಕಿ ಹಾಕಿದ. ಹೊಗೆ ಹೋಗಲು ದಾರಿಯೇ ಇರಲಿಲ್ಲ. ಹೂವಿನ ಪರಿಮಳ ಯಾವ ಮೂಲೆಯಲ್ಲಿ ಸತ್ತಿತೋ, ಕಣ್ಣು ಮೂಗು ಎಲ್ಲ ಒಟ್ಟಿಗೇ ಸುರಿಯತೊಡಗಿದವು.

ಅಷ್ಟು ಹೊತ್ತಿಗೆ ಹೊಗೆ ನೋಡಿ ಮನೆಗೇ ಬೆಂಕಿ ಬಿತ್ತೆಂದು ಊರಿನ ಬಾಡಿಗೆ ಜೀಪಿನ ವಸಂತ ಓಡಿಬಂದ. ಎಲ್ಲ ಕೇಳಿ ತಲೆ ಕೆರೆದುಕೊಂಡ.

"ಅಣ್ಣಾ, ಇಷ್ಟೆಲ್ಲ ಯಾಕೆ? ಕಲ್ಲೇ ಇಲ್ದಿದ್ರೆ ಅತ್ತಿಗೆ ಏನ್ ತಗೊಂಡ್ ಹೋಗ್ತಾರೆ? ಜೀಪಿಗೆ ಕಟ್ಟಿ ಎಳ್ಕೊಂಡು ಹೋಗಿ ತೋಟದಾಗೆ ಬಚ್ಚಿಡಾಣ."

ಸುಬ್ಬಯ್ಯನಿಗೆ ಅದೇ ಸರಿಯೆನಿಸಿತು. ಕಲ್ಲಿದ್ದದ್ದು ಅಡುಗೆಮನೆ ಗೋಡೆಯ ಹಿಂದೆ, ಮೆಣಸು ಒಣಗಿಸುವ ಕಣದ ಅಂಚಿನಲ್ಲಿ. ವಸಂತ ರಿವರ್ಸ್ ತೆಗೆದ. "ಬಾ, ಬಾ, ಇನ್ನೂ ಬಾ... ಸಾಕು ಸಾಕು!" ಎಂದು ಸುಬ್ಬಯ್ಯ ಹಿಂದಿನಿಂದ ಕೂಗಿದ. ವಸಂತ ಬ್ರೇಕ್ ಒತ್ತಿದ. ಆದರೆ ಅವನ ಚಪ್ಪಲಿಯ ತಳಕ್ಕೆ ನಡುಮನೆಯ ಸಗಣಿ ಮೆತ್ತಿತ್ತು. ಕಾಲು ಜಾರಿ ಆಕ್ಸಿಲರೇಟರ್ ಮೇಲೆ ಕೂತಿತು. ಜೀಪು ಒರಳುಕಲ್ಲಿನ ಪಕ್ಕದಲ್ಲೇ ಹಾದು, ಅಡುಗೆಮನೆಯ ಗೋಡೆಗೆ ಧಡಾರನೆ ಗುದ್ದಿ, ಇಟ್ಟಿಗೆ ಉದುರಿಸಿ, ಒಂದು ದೊಡ್ಡ ಕಿಂಡಿ ಕೊರೆದು, ಗುದ್ದಿದ ರಭಸಕ್ಕೆ ಸ್ವಲ್ಪ ಮುಂದಕ್ಕೆ ಪುಟಿದು ಆಫ್ ಆಯಿತು.

ಸರಿಯಾಗಿ ಅದೇ ಹೊತ್ತಿಗೆ ಗಂಗಾಮಣಿಯ ಗಾಡಿ ಅಂಗಳಕ್ಕೆ ಬಂತು.

ಅವಳು ಜಗುಲಿಯಲ್ಲಿ ನರಳುವ ಶಾಂತಮಲ್ಲಪ್ಪನನ್ನು ನೋಡಿದಳು, ಸಗಣಿಯ ನೆಲ ನೋಡಿದಳು, ಸೆರಗು ಎತ್ತಿ ಹಿಡಿದು ಗೋಡೆ ಆಸರೆಯಲ್ಲಿ ಅಡುಗೆಮನೆಗೆ ಬಂದು ನಿಂತಳು. ಕಣದಲ್ಲಿ ನಿಂತಿದ್ದ ಸುಬ್ಬಯ್ಯ ಎಲ್ಲ ಮುಗಿಯಿತೆಂದು ಕಣ್ಣು ಮುಚ್ಚಿಕೊಂಡ. ಕಿಂಡಿಯಿಂದ ಹೊಗೆಯೆಲ್ಲ ಹೊರಟುಹೋಯಿತು. ಇಡೀ ತೋಟದ ಹೂವಿನ ಗಾಳಿ ಒಳಗೆ ನುಗ್ಗಿತು.

"ರೀ, ಕೇಳ್ತೈತಾ?"

ಸುಬ್ಬಯ್ಯ ಕಣ್ಣು ಬಿಟ್ಟ. ಹಳೆಯ ಅಡುಗೆಮನೆಗೆ ಇಂಥದೇ ಒಂದು ಕಿಂಡಿಯಿತ್ತು. ಅವನು ಕಣದಲ್ಲಿ ಮೆಣಸು ಕೈಯಾಡಿಸುತ್ತಿದ್ದರೆ ಅವಳು ಅಲ್ಲಿಂದಲೇ ಹೀಗೆ ಕೇಳುತ್ತಿದ್ದಳು. ಇವನು ಹ್ಞೂಂ ಅಂದರೆ ಕಾಫಿಯ ಲೋಟ ಹೊರಗೆ ಬರುತ್ತಿತ್ತು.

"ಹ್ಞೂಂ, ಕೇಳ್ತೈತೆ," ಎಂದ.

"ನೀವು ಆ ಹಳೇ ಕಿಂಡಿ ಕೆಡವಿ ಗೋಡೆ ತುಂಬಾ ಟೈಲ್ಸ್ ಅಂಟಿಸ್ಬುಟ್ರಿ. ಆಮೇಲೆ ನಾನು ಆಡಿದ್ ಮಾತೆಲ್ಲ ನಂಗೇ ವಾಪಸ್ ಬರ್ತಿತ್ತು ಕಣ್ರೀ. ನೀವು ಎದುರ್ಗೇ ಇದ್ರೂವೆ ಇಲ್ದಂಗೆ ಆಗೋಗಿತ್ತು."

"ನೀನಿಲ್ದೆ ನಂಗೂ ಆಗಲ್ಲ ಕಣೇ ಗಂಗೂ. ವಾಪಸ್ ಬಂದ್ಬಿಡು."

ವಸಂತ ಮರ್ಯಾದೆಗೆ ಬೇರೆ ಕಡೆ ತಿರುಗಿ ನಿಂತ. ಗಂಗಾಮಣಿ ಸೆರಗಿನಿಂದ ಕಣ್ಣೊರೆಸಿಕೊಂಡು ಗಾಡಿಯವನಿಗೆ ಕೂಗಿ ಹೇಳಿದಳು: "ಕಲ್ಲು ಬ್ಯಾಡ ಕಣಪ್ಪಾ. ನಾನು ಇಲ್ಲೇ ಇರ್ತೀನಿ!"

ಸುಬ್ಬಯ್ಯನಿಗೆ ಮೂರು ಲೋಕವೂ ಸಿಕ್ಕಂತಾಯಿತು. ಕಿಂಡಿಗೆ ಒಂದು ಚೌಕಟ್ಟು ಕೂರಿಸುವುದು, ಕೆಳಗೆ ಸ್ಟೂಲು ಹಾಕಿಕೊಳ್ಳುವುದು ಎಂದೆಲ್ಲ ಯೋಚಿಸುತ್ತಿರುವಾಗಲೇ ಗಂಗಾಮಣಿ ಮಗಳಿಗೆ ಫೋನ್ ಹಚ್ಚಿದ್ದಳು.

"ಶೃತೀ, ಗಾಳಿ ಆಡೋ ಜಾಗದಾಗೆ ಮಗೂನ ಇಟ್ಕೋ ಅಂತ ಡಾಕ್ಟರು ಹೇಳಿದ್ರಲ್ಲ? ನಮ್ಮನೇಲಿ ಈಗ ಎಂಥಾ ಗಾಳಿ ಅಂತೀಯ! ನಾಳೆನೇ ಮಗು ಎತ್ಕೊಂಡು ಬಂದ್ಬಿಡು. ಏನು? ದೊಡ್ಡವಳ ಸ್ಕೂಲಾ? ಬೆಳಿಗ್ಗೆ ಬಿಡೋರು, ಸಾಯಂಕಾಲ ಕರ್ಕೊಂಡ್ ಬರೋರು..." ಅವಳ ಕಣ್ಣು ಕಿಂಡಿಯಿಂದ ಹಾದು ಸುಬ್ಬಯ್ಯನ ಮೇಲೆ ನಿಂತಿತು. "ಅದಕ್ಕೇನು, ನಿಮ್ಮಪ್ಪ ಅಲ್ಲಿಗೆ ಬಂದು ಇರ್ತಾರೆ ಬಿಡು. ಗಾಡಿ ಹೆಂಗೂ ಖಾಲಿ ಹೋಗ್ತೈತೆ."

"ಎಷ್ಟು ದಿನಕ್ಕೆ?" ಸುಬ್ಬಯ್ಯನ ದನಿ ಅವನಿಗೇ ಕೇಳಿಸಲಿಲ್ಲ.

"ಮಗು ಸ್ವಲ್ಪ ಗಟ್ಟಿ ಆಗೋಗಂಟ ಕಣ್ರೀ. ದೊಡ್ಡವಳೂ ನಿಮ್ ಮೊಮ್ಮಗಳಲ್ವಾ, ನೋಡ್ಕೊಳಾಕಿಲ್ವಾ?"

ನೋಡಿಕೊಳ್ಳುವುದಿಲ್ಲ ಎನ್ನುವ ತಾತ ಎಲ್ಲಿದ್ದಾನೆ? ಬಟ್ಟೆಯ ಚೀಲ ಹಿಡಿದು ಹೊರಟ. ಗಾಡಿಯ ಮುಂದಿನ ಸೀಟಿನಲ್ಲಿ, ಹಾಸನದ ಮೂಳೆ ಡಾಕ್ಟರಿಗೆ ತೋರಿಸಲು ಹೊರಟ ಶಾಂತಮಲ್ಲಪ್ಪ ಆಗಲೇ ಆಸೀನರಾಗಿದ್ದರು. ಹಿಂದೆ ಒರಳುಕಲ್ಲಿಗೆಂದು ದಪ್ಪಗೆ ಗೋಣಿಚೀಲ ಹಾಸಿತ್ತು. ಸುಬ್ಬಯ್ಯ ಹತ್ತಿ ಅದರ ಮೇಲೆ ಕೂತ.

ಗಾಡಿ ಹೊರಟಾಗ ಅಡುಗೆಮನೆಯಲ್ಲಿ ದೀಪ ಹತ್ತಿತ್ತು. ಕಿಂಡಿಯಲ್ಲಿ ಗಂಗಾಮಣಿಯ ನೆರಳು ಕಂಡಿತು.

"ಕೇಳ್ತೈತಾ?" ಎಂದಳು ಅವಳು ಕಣದ ಕಡೆಗೆ.

"ಹ್ಞೂಂ!" ಎಂದು ಸುಬ್ಬಯ್ಯ ಗೋಣಿಚೀಲದ ಮೇಲೆ ಎದ್ದು ನಿಂತು ಕೂಗಿದ. ಇಂಜಿನ್ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

"ಕೇಳ್ತೈತೆ ಅತ್ತಿಗೇ!" ಎಂದ ವಸಂತ, ಜೀಪಿನ ಪಕ್ಕದಿಂದ ಎದ್ದು ಬಂದು. ಕಿಂಡಿಯಿಂದ ಹಬೆಯಾಡುವ ಕಾಫಿಯ ಲೋಟ ಹೊರಗೆ ಬಂತು, ಅವನು ಕೈ ಚಾಚಿ ತೆಗೆದುಕೊಂಡ.