ದೊರೆಗೆ ಕಂಕಣಬಲ ಕೂಡಿ ಬರಲಿಲ್ಲ

"ಅಚ್ಚಿನ ತಪ್ಪೇ ಇಲ್ಲದ ಪುಸ್ತಕ ಹೇಗಿರುತ್ತೆ ಅಂತ ಇವತ್ತು ನೋಡಮ್ಮ!" ಎಂದು ನಮ್ಮ ಅಂಬುಜಕ್ಕನ ಗಂಡ ಶ್ರೀಪತಿ ಭಾವ ಹೊಸ ಯಂತ್ರದ ಮುಸುಕು ತೆಗೆದರು. ಅದು ಅಕ್ಕಿ ಡ್ರಮ್ಮಿನಷ್ಟು ದೊಡ್ಡದಿತ್ತು. ಒಳಗೆ ಪುಸ್ತಕ ಹಾಕಿದರೆ ಗಟ್ಟಿಯಾಗಿ ಓದಿ ಹೇಳುತ್ತದಂತೆ. ತಪ್ಪು ಕಂಡಲ್ಲಿ ಶಾಯಿ ಹೀರಿ, ಸರಿಯಾದದ್ದನ್ನು ಅಚ್ಚು ಹಾಕುತ್ತದಂತೆ. ಭಾವನ ಯಂತ್ರಗಳನ್ನು ನಂಬುವವಳಲ್ಲ ನಾನು. ಆದರೆ ಅವಸರ ನನ್ನದಾಗಿತ್ತು.

ನಮ್ಮ ಸರಸ್ವತೀಪುರಂ ಓದುಗಿತಿಯರ ಬಳಗದಲ್ಲಿ ಕಳೆದ ತಿಂಗಳು ಬೆನ್ನುಡಿಯನ್ನಷ್ಟೇ ಓದಿ ಕತೆ ಹೇಳಲು ಹೋಗಿ ಸಿಕ್ಕಿಬಿದ್ದಿದ್ದೆ. ಈ ಭಾನುವಾರವೂ ಹಾಗಾದರೆ ಬಳಗದಿಂದ ಹೊರಗೆ ಎಂದು ಅಧ್ಯಕ್ಷೆ ಪದ್ಮಾವತಮ್ಮ ಹೇಳಿಬಿಟ್ಟಿದ್ದರು. ಮಾನ ಉಳಿಸಿಕೊಳ್ಳಲು ಇಂಗ್ಲೆಂಡಿನ ರಾಜಮನೆತನದ ಮೇಲಿನ ಐದು ಐತಿಹಾಸಿಕ ಕಾದಂಬರಿ ಕೊಂಡು ತಂದಿದ್ದೆ. ಒಂದೊಂದೂ ದಿಂಬಿನಷ್ಟು ದಪ್ಪ. ಉಳಿದದ್ದು ಎರಡೇ ದಿನ.

ಭಾವ ಐದನ್ನೂ ಒಟ್ಟಿಗೇ ಒಳಗೆ ಹಾಕಿದರು. ಮೊದಲನೆಯದು ಆರು ಮದುವೆಯಾದ ದೊರೆಯ ಕತೆ. ಯಂತ್ರ ಚೆನ್ನಾಗಿಯೇ ಓದುತ್ತಿತ್ತು. ಮೊದಲ ಮದುವೆ ಬರುತ್ತಿದ್ದಂತೆ ಗಕ್ಕನೆ ನಿಂತಿತು.

"ಕನ್ಯೆ ವರನ ತೀರಿಹೋದ ಅಣ್ಣನ ಹೆಂಡತಿ. ಅತ್ತಿಗೆ ತಾಯಿಗೆ ಸಮಾನ. ಸಂಬಂಧ ಬೇಡ."

ಅರವತ್ತು ಪುಟ ಬೆಳ್ಳಗಾದವು!

ನಾನು ಭಾವನ ಮುಖ ನೋಡಿದೆ. ಹೋದ ವರ್ಷ ಜಾತಕ ಕೂಡಿಸಲು ಮಾಡಿದ್ದ ಯಂತ್ರದ ಮಿದುಳನ್ನೇ ಇದಕ್ಕೂ ಹಾಕಿದ್ದಾಗಿ ಅವರು ತಲೆ ಕೆರೆದುಕೊಂಡು ಒಪ್ಪಿದರು. ಒಳ್ಳೆಯ ಮಿದುಳನ್ನು ಯಾಕೆ ಎಸೆಯಬೇಕು ಎಂಬುದು ಅವರ ವಾದ. ನಿಲ್ಲಿಸಿ ಎಂದರೆ, ನಿಲ್ಲಿಸುವ ಸ್ವಿಚ್ಚೇ ಇಲ್ಲವಂತೆ. ಮದುವೆ ಮಾತುಕತೆ ಅರ್ಧಕ್ಕೆ ನಿಲ್ಲಬಾರದೆಂದು ಇಟ್ಟಿರಲಿಲ್ಲವಂತೆ!

ಅಷ್ಟರಲ್ಲಿ ಎರಡನೆಯ ರಾಣಿಗೆ ಗಣ ಕೂಡಲಿಲ್ಲ. ಮೂರನೆಯವಳಿಗೆ ನಾಡಿದೋಷ. ನಾಲ್ಕನೆಯವಳ ಪಟವೇ ಒಂದು, ಮುಖವೇ ಒಂದು. ಐದನೆಯವಳು ವಯಸ್ಸಿನಲ್ಲಿ ಮಗಳಂತಿದ್ದಳು. ಆರನೆಯ ಸಲ ಯಂತ್ರ ವರನ ನಡತೆಯನ್ನೇ ವಿಚಾರಿಸಿ ಬೇಡವೆಂದಿತು. ನಾನೂರು ಪುಟದಲ್ಲಿ ಉಳಿದದ್ದು ಒಂದೇ ಸಾಲು: ದೊರೆಗೆ ಕಂಕಣಬಲ ಕೂಡಿ ಬರಲಿಲ್ಲ.

ಎರಡನೆಯದು ಅವನ ಮಗಳ ಕತೆ. ಅಪ್ಪನಿಗೆ ಮದುವೆಯೇ ಆಗದ ಮೇಲೆ ಮಗಳೆಲ್ಲಿಂದ ಬರಬೇಕು? ಅದೂ ಖಾಲಿ. ಉಳಿದ ಮೂರೂ ಅವಳ ಆಳ್ವಿಕೆಯ ಕತೆಗಳೇ; ಅವಳ ಹಿಂದೆಯೇ ಹೋದವು. ಹೊಸ ಪುಸ್ತಕದ ವಾಸನೆಯೂ ಆರಿರಲಿಲ್ಲ. ನನಗೆ ಅಳುವೇ ಬಂತು.

ಭಾನುವಾರ ಆ ದೊರೆಯ ಪುಸ್ತಕವನ್ನೇ ಹಿಡಿದು ಬಳಗಕ್ಕೆ ಹೋದೆ. ಇದ್ದ ಒಂದು ಸಾಲನ್ನೇ ಓದಿದೆ. ಪದ್ಮಾವತಮ್ಮ ನೆಟ್ಟಗೆ ಕೂತರು.

"ಅಯ್ಯೋ ಪಾಪ, ಸ್ವಂತ ಅರಮನೆ ಇಟ್ಕೊಂಡು ಹೆಣ್ಣು ಸಿಗ್ಲಿಲ್ವೇ? ನಮ್ಮ ಓರಗಿತ್ತಿ ತಂಗಿ ಮಗಳೊಬ್ಬಳು ಇದಾಳೆ."

ಎರಡು ಗಂಟೆ ಎಲ್ಲರೂ ದೊರೆಗೆ ಹೆಣ್ಣು ಹುಡುಕಿದರು. ಬಳಗ ಹುಟ್ಟಿದ ಮೇಲೆ ಯಾರೂ ತೂಕಡಿಸದ ಮೊದಲ ಭಾನುವಾರ ಅದು. ನನ್ನ ಜಾಗ ಉಳಿಯಿತು.

ಸುದ್ದಿ ಕೇಳಿ ಭಾವ ಉಬ್ಬಿಹೋದರು. ತಮ್ಮ ಯಂತ್ರ ತಪ್ಪು ಹೇಳುವುದೇ ಇಲ್ಲ ಎಂದು ಮತ್ತೆ ಮತ್ತೆ ಹೇಳಿದರು. ಅಕ್ಕ ಬೀರುವಿನಿಂದ ತಮ್ಮಿಬ್ಬರ ಲಗ್ನಪತ್ರಿಕೆ ತಂದು ಒಳಗೆ ಹಾಕಿದಳು. ಭಾವ ಇಲ್ಲದ ಸ್ವಿಚ್ಚಿಗಾಗಿ ತಡಕಾಡಿದರು. ಪತ್ರಿಕೆ ಅಪ್ಪಟ ಬಿಳಿಯಾಗಿ ಹೊರಬಂತು.

ಅಕ್ಕ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾಳೆ. ಭಾವ ಮಾಡಿದ ಯಂತ್ರಗಳಲ್ಲಿ ಸರಿಯಾಗಿ ಕೆಲಸ ಮಾಡಿದ್ದು ಇದೊಂದೇ ಅಂತೆ.