ನಮ್ಮ ಪಡಸಾಲ್ಯಾಗ ಸಮುದ್ರ

ಅನುಮಾನ ಪಡಾಕಂತನೇ ಸರ್ಕಾರ ನನಗ ಪಗಾರ ಕೊಡ್ತಿತ್ತು. ದೇವದುರ್ಗ, ಮಾನ್ವಿ, ರಾಯಚೂರು ಅಂತ ಮೂರೂ ಕಡೆ ಹವಾಲ್ದಾರಕಿ ಮಾಡಿ, ಎಂಬತ್ತನೇ ಇಸ್ವಿ ಆಜುಬಾಜು ರಿಟೈರ್ ಆದೆ. ಪಗಾರ ನಿಂತಿತು, ಅನುಮಾನ ನಿಂದ್ರಲಿಲ್ಲ. ನಾನೇನು ಅದನ್ನ ಹುಡುಕ್ಕೊಂಡು ಹೋಗಂಗಿಲ್ರಿ. ಅನುಮಾನ ಬರುವಂಥ ಮಂದೀನೇ ನನ್ನ ಮನಿ ಹುಡುಕ್ಕೊಂಡು ಬರ್ತಾರ. ರಾಯಚೂರಿನ ನಮ್ಮ ಮನಿ ಮ್ಯಾಲಿನ ಅಂತಸ್ತಿಗೆ ಬಾಡಿಗಿ ಬಂದ ಕಾಲೇಜಿನ ಮಾಸ್ತರ ಅಂಥವ್ರಾಗ ಒಬ್ಬ.

ನೆಲ ಬಡಿದು ನೋಡಿದವ

ಮಾಸ್ತರ ಹುಡುಗರಿಗೆ ಪ್ರಾಣಿಗಳ ಪಾಠ ಹೇಳಾವ. ಹೊಸದಾಗಿ ಮದುವಿ ಆದಾವ. ಒಂದು ಐತವಾರ ನಾ ಮ್ಯಾಲ ಹೋದ್ರ, ಆಸಾಮಿ ಕುಕ್ಕರುಗಾಲಾಗ ಕುಂತು ಬೆರಳಗಂಟಿನಿಂದ ನೆಲ ಬಡಿದು ಬಡಿದು ಕಿವಿಗೊಟ್ಟು ಕೇಳಾಕತ್ತಿದ್ದ. ಪಕ್ಕದಾಗ ಅಳತಿ ಟೇಪು. ನೆಲ ಬಡಿದು ನೋಡಾವ ಒಂದೋ ಏನರೆ ಹುಗೀತಾನ, ಇಲ್ಲಾ ಹುಗಿದದ್ದನ್ನ ತಗೀತಾನ. ಪೊಲೀಸ್ ತಲಿಗೆ ಮೂರನೇದು ಹೊಳಿಯಂಗಿಲ್ಲ.

"ಏನ್ ನಡಸೀರಿ ಮಾಸ್ತರ?" ಅಂದೆ.

"ಕಾಕಾ, ಈ ಮಾಳಿಗಿ ಎಷ್ಟು ಭಾರ ತಡೀತದ್ರಿ?"

"ಎಷ್ಟು ಭಾರ ಇಡವ್ರಿದ್ದೀರಿ?"

"ಎರಡು ಎಮ್ಮಿ ನಿಂತಷ್ಟು."

"ಮ್ಯಾಲ ಎಮ್ಮಿ ಕಟ್ಟಾಕ ನಾ ಮನಿ ಕೊಟ್ಟಿಲ್ಲ."

"ಎಮ್ಮಿ ಅಲ್ರಿ ಕಾಕಾ, ಸಮುದ್ರ!"

ನಾ ಅಲ್ಲೇ ಹೊಸ್ತಿಲ ಮ್ಯಾಲ ಕುಂತೆ. ಆಮ್ಯಾಲ ಬಿಡಿಸಿ ಹೇಳಿದ. ಒಬ್ಬ ಮನಷ್ಯಾ ಉದ್ದಕ್ಕ ಮಲಗುವಷ್ಟು ದೊಡ್ಡ ಗಾಜಿನ ತೊಟ್ಟಿ ಮಾಡಸ್ತಾನಂತ. ಅದರಾಗ ಸಮುದ್ರದ ನೀರು, ಹವಳದ ಕಲ್ಲು, ಬಣ್ಣ ಬಣ್ಣದ ಸಮುದ್ರದ ಮೀನು. ಯಾಕಪಾ ಇದೆಲ್ಲ ಅಂದ್ರ, ಅಡಗಿ ಮನಿ ಕಡೆ ನೋಡಿ ದನಿ ಸಣ್ಣದು ಮಾಡಿದ. ಅವನ ಹೆಂಡತಿ ಕುಮಟಾ ಕಡೇಕಿ. ತವರಮನಿ ಬಾಗಿಲಾ ತಗದ್ರ ಎದುರಿಗೇ ಸಮುದ್ರ. ಒಂದು ಬ್ಯಾಸಗಿ ಹೆಂಗೋ ರಾಯಚೂರಿನ ಬಿಸಲಾಗ ಕಳದಾಳ. ಒಂದು ಮಾತೂ ಬೈದಿಲ್ಲ, ಜಗಳಿಲ್ಲ, ಸುಮ್ನ ಗ್ವಾಡಿ ನೋಡ್ಕೋತ ಕುಂದರ್ತಾಳ. "ಈ ಯುಗಾದಿಗೆ ತವರಿಗೆ ಹೋದ್ರ ತಿರುಗಿ ಬರಂಗಿಲ್ಲ ಅಂದಾಳ್ರಿ ಕಾಕಾ," ಅಂದ.

ನನಗ ಕೆಟ್ಟ ಅನಿಸ್ತು, ಸುಳ್ಳು ಯಾಕ ಹೇಳ್ಲಿ. ಆದ್ರ ಕೆಟ್ಟ ಅನಿಸಿದ್ದಕ್ಕಿಂತ ಅನುಮಾನ ಜಾಸ್ತಿ ಬಂತು. ಹೆಂಡತಿ ಸಿಟ್ಟಾದ್ರ ಸೀರಿ ತರ್ತಾರ, ಮಲ್ಲಿಗಿ ಹೂವು ತರ್ತಾರ. ಸಮುದ್ರ ತರೋ ಗಂಡನ್ನ ನನ್ನ ಸರ್ವಿಸಿನಾಗ ನೋಡಿಲ್ಲ. ಮ್ಯಾಲಾಗಿ, ಅವ ಬಡಿದು ನೋಡಿದ ಜಾಗದ ಕೆಳಗನೇ ನಮ್ಮ ಮಂಚ ಅದ. ನನ್ನ ಹೆಂಡತಿಗೆ ಹೇಳಿದೆ. ಅಕಿ ಹಾಸಿಗಿ ಸುತ್ತಿಕೊಂಡು ಅಡಗಿ ಮನಿಗೆ ಹೊಂಟ್ಲು. "ಬಿದ್ರ ನಿಮ್ಮ ಮ್ಯಾಲ ಬೀಳಲಿ, ನನಗ ಈಸಾಕ ಬರಂಗಿಲ್ಲ," ಅಂದ್ಲು.

ಕಡೀಕ ನಾನೇ ತೀರ್ಮಾನ ಮಾಡಿದೆ: ತೊಟ್ಟಿ ಮ್ಯಾಲ ಬ್ಯಾಡ, ಕೆಳಗ ನಮ್ಮ ಪಡಸಾಲ್ಯಾಗ ಇರಲಿ. ಅನುಮಾನದ ಮಾಲು ಯಾವತ್ತೂ ಕಣ್ಣೆದುರಿಗೇ ಇರಬೇಕು. ಮಾಸ್ತರ ಅದನ್ನ ಪ್ರೀತಿ ಅಂತ ತಿಳಕೊಂಡು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ.

ಮಾನ್ವ್ಯಾಗ ರುಚಿ ನೋಡಿದ್ದು

ತೊಟ್ಟಿ ಬಂತು. ಇನ್ನ ನೀರು. ಘಟ್ಟದ ಕೆಳಗ ಅಕ್ಕಿ ಹೊತ್ತುಕೊಂಡು ಹೋದ ಲಾರಿ ತಿರುಗಿ ಬರುವಾಗ ಡ್ರಮ್ಮಿನಾಗ ಸಮುದ್ರದ ನೀರು ತರಬೇಕು ಅಂತ ಮಾತಾತು.

ಈ ಸುದ್ದಿ ಓಣಿಗೆ ಗೊತ್ತಾತು ನೋಡ್ರಿ. ನಮ್ಮ ಕಡೆ ಅರ್ಧ ಬಾವಿಗಳು ಸವಳು. ಹೆಣ್ಮಕ್ಕಳು ಸೀನೀರಿಗಂತ ಕೊಡ ಹೊತ್ತು ಎಲ್ಲೆಲ್ಲೋ ಅಡ್ಡಾಡ್ತಾರ. ಹಿಂದಿನ ಮನಿ ಮುದುಕಿ ಬಂದಾಕೀನೇ ಮಾಸ್ತರನ್ನ ಹಿಡಕೊಂಡ್ಲು. "ಯಪ್ಪಾ, ಉಪ್ಪುನೀರು ತರಾಕ ಲಾರಿ ಕಳಿಸೀಯಂತ ಖರೇನು? ನಮ್ಮ ಬಾವಿ ನೀರು ಬಾಯಾಗ ಇಡಾಕ ಆಗಂಗಿಲ್ಲ. ಎಲ್ಲಾ ತುಂಬಿಕೊಂಡು ಹೋಗು. ಬೇಕಂದ್ರ ಬಾವೀನೂ ಒಯ್ಯಿ!"

ಅದು ಆ ನೀರಲ್ಲಬೇ ಅಂತ ಮಾಸ್ತರ ತಿಳಿಸಿ ಹೇಳೂದ್ರಾಗ, ಲಾರಿ ಮಾನ್ವ್ಯಾಗ ಹಿಡದಾರ ಅಂತ ಸುದ್ದಿ ಬಂತು. ನಾನೂ ಮಾಸ್ತರನೂ ಬಸ್ ಹತ್ತಿ ಹೋದ್ವಿ. ಅಲ್ಲಿ ಇದ್ದಾವ ಹೊಸ ಪೊಲೀಸ್ ಪ್ಯಾದಿ, ಮೀಸಿ ಈಗ ಚಿಗಿಯಾಕತ್ತಿತ್ತು. ಡ್ರಮ್ಮಿನಾಗ ಏನದ ಅಂತ ಕೇಳಿದ್ದಕ್ಕ ಡ್ರೈವರ "ಸಮುದ್ರದ ನೀರು" ಅಂದಾನ. ಇವ ನಂಬಿಲ್ಲ. ಕಳ್ಳ ಸಾರಾಯೀನೇ ಅಂತ ಮುಚ್ಚಳ ತಗದು, ಒಂದು ಗುಟುಕಲ್ಲ, ಲೋಟ ತುಂಬ ಎತ್ತಿ ಕುಡದಾನ. ನಾವು ಮುಟ್ಟೂದ್ರಾಗ ಅವನ ಮಾರಿ ಹಿಂಡಿದ ನಿಂಬಿಹಣ್ಣಾಗಿತ್ತು.

"ಸಾಹೇಬ್ರ, ಸಾರಾಯಿ ಅಂದಿದ್ರ ನನಗ ತಿಳೀತಿತ್ತು," ಅಂದ, ಉಗುಳಿ ಉಗುಳಿ. "ಉಪ್ಪುನೀರು ಅಷ್ಟು ದೂರಿಂದ ಯಾರು ತರ್ತಾರ್ರಿ? ಇದರ ಹಿಂದ ಏನೋ ಅದ."

ನನ್ನ ಎದಿ ಉಬ್ಬಿತ್ರಿ. ಇಲಾಖಿ ಇನ್ನೂ ಕೆಟ್ಟಿಲ್ಲ ಅನಿಸ್ತು. "ಭೇಷ್ ತಮ್ಮಾ!" ಅಂತ ಬೆನ್ನು ಚಪ್ಪರಿಸಿ, "ನನಗೂ ಮೊದಲಿನಿಂದ ಅದೇ ಅನುಮಾನ ಅದ," ಅಂದೆ.

ಅಷ್ಟಂದದ್ದೇ ತಡ, ಅವ ಸಂಜಿತನಾ ಲಾರಿ ಬಿಡಲಿಲ್ಲ. ಬಿಡಿಸಾಕಂತ ನನ್ನ ಕರಕೊಂಡು ಬಂದಿದ್ದ ಮಾಸ್ತರ, ರಾಯಚೂರಿಗೆ ತಿರುಗಿ ಬರುವಾಗ ನನ್ನ ಬಾಜೂ ಸೀಟು ಬಿಟ್ಟು ಹಿಂದ ಹೋಗಿ ಕುಂತ.

ಹವಳದ ಬೆಳಿ

ತೊಟ್ಟ್ಯಾಗ ಹವಳ ಬೆಳೀತದ ಅಂತ ಮಾಸ್ತರ ನನ್ನ ಹೆಂಡತಿಗೆ ಹೇಳಿದ್ದ. ಅಕಿ ನಳದ ಹತ್ರ ಹೇಳಿದ್ಲು. ನಳದಿಂದ ಮಾತು ಬಸ್ ಹತ್ತಿ, ಸಿರವಾರದಾಗ ಚಾ ಕುಡದು, ದೇವದುರ್ಗದಾಗ ನಮ್ಮ ಅಕ್ಕನ ಮನಿ ಮುಂದ ಇಳೀತು. ಅಕ್ಕ ಮರುದಿನಾನೇ ಚೀಲ ಹಿಡಕೊಂಡು ಹಾಜರು.

"ತಮ್ಮಾ, ಮಗಳ ಮದುವಿ ಗೊತ್ತಾಗ್ಯದ. ತಾಳಿಗೆ ನಾಕು ಹವಳ ಬೇಕು. ನಿಮ್ಮನ್ಯಾಗ ಬೆಳೀತಾವಂತಲ್ಲ, ಸ್ವಂತ ಅಕ್ಕಗ ಇಲ್ಲ ಅಂತೀಯೇನು?"

ಮಾಸ್ತರ ಪಾಪ, ಲಾರ್‍ಯಾಗ ನಮೂನಿಗಂತ ತರಿಸಿದ್ದ ಒಂದು ಕಲ್ಲು ತಂದು ಅಕ್ಕನ ಕೈಯಾಗ ಇಟ್ಟ. ಬೂದಿ ಬಣ್ಣ, ಮೈತುಂಬ ತೂತು. ಅಕ್ಕ ತಿರುಗಿಸಿ ಮುರುಗಿಸಿ ನೋಡಿದ್ಲು.

"ಇದು ಹವಳೇನು? ಹಿಮ್ಮಡ ತಿಕ್ಕೋ ಕಲ್ಲು!"

"ಇದು ಸತ್ತದ್ದರೀ ಅಕ್ಕಾರ. ಜೀವಂತ ಇರೋದು ಬ್ಯಾರೆ ಇರ್ತದ, ಭಾಳ ಸಾವಕಾಶ ಬೆಳೀತದ."

ಅಕ್ಕ ಅವನ್ನ ನೋಡಿದ್ಲು, ನನ್ನ ನೋಡಿದ್ಲು, ನನ್ನ ರಟ್ಟಿ ಹಿಡದು ಒಳಗ ಎಳಕೊಂಡು ಹೋದ್ಲು. "ಕೆಂಪು ಹವಳ ಬಚ್ಚಿಟ್ಟು ಸತ್ತ ಕಲ್ಲು ತೋರಸ್ತಾನ. ಇಷ್ಟು ವರ್ಷ ಪೊಲೀಸಾಗಿ ಏನ್ ಕಿಸದಿ ನೀನು?" ಅಂದ್ಲು. ಹೋಗುವಾಗ ಕಾಲಿಗಾದ್ರೂ ಆಗ್ತದ ಅಂತ ಆ ಕಲ್ಲನ್ನ ಚೀಲಕ್ಕ ಹಾಕ್ಕೊಂಡೇ ಹೋದ್ಲು.

ನನ್ನ ಹೆಂಡತಿ ಬಾಗಿಲದಾಗ ನಿಂತು ಎಲ್ಲಾ ಕೇಳಿದ್ಲು. "ಇಷ್ಟು ದಿನ ನಿಮ್ಮ ಅನುಮಾನ ನೌಕರೀದು ಅಂತ ತಿಳದಿದ್ದೆ," ಅಂದ್ಲು. "ಮನೆತನದ್ದು ಅಂತ ಇವತ್ತು ಗೊತ್ತಾತು."

ಸಮುದ್ರ ಕಳುವಾತು

ಯುಗಾದಿ ಬಂತು. ತೊಟ್ಟಿ ತುಂಬಿತ್ತು, ಗಾಳಿ ಊದೋ ಮಷೀನು ಬುಳುಬುಳು ಅಂತಿತ್ತು, ಆದ್ರ ಮೀನಿಲ್ಲ, ಹವಳ ಇಲ್ಲ. ಮಾಸ್ತರನ ಹೆಂಡತಿ ಬಂದು ಒಂದು ಸಲ ನೋಡಿದ್ಲು. "ಇದೆಂತಾ ಸಮುದ್ರ, ಜೀವವೇ ಇಲ್ಲ," ಅಂದು ತವರಿಗೆ ಹೊಂಟ್ಲು. ಟ್ರಂಕು, ಹಾಸಿಗಿ, ಕನ್ನಡಿ ಸಹಿತ ಒಯ್ದದ್ದನ್ನ ನಾ ನೋಡಿದೆ. ಬರಾಕ ಹೊಂಟಾಕಿ ಕನ್ನಡಿ ಒಯ್ಯಂಗಿಲ್ಲ.

ಮಾಸ್ತರನೂ ಬೆನ್ನ ಹಿಂದೆನೇ ಹೊಂಟ. "ಕಾಕಾ, ಮೀನು ತರ್ತೀನಿ, ಅಕೀನೂ ಕರಕೊಂಡು ಬರ್ತೀನಿ. ನೀರು ಕೆಟ್ರ ಮೀನು ಉಳಿಯಂಗಿಲ್ಲ, ಮೀನು ಸತ್ರ ಅಕಿ ಉಳಿಯಂಗಿಲ್ಲ. ನೀರು ನೋಡ್ಕೋರಿ," ಅಂದ. ಬಸ್ಸಿನ ಅವಸರ, ಅಷ್ಟೇ ಹೇಳಿ ಓಡಿದ.

ನೋಡ್ಕೊಳ್ಳೋದು ನನಗ ಹೇಳಿಕೊಡಬೇಕೇನ್ರಿ? ನೀರು ಎಲ್ಲಿತನಾ ಅದ ಅಂತ ಗಾಜಿನ ಮ್ಯಾಲ ಸೀಮಿಸುಣ್ಣದಿಂದ ಗೆರಿ ಹೊಡದೆ. ಮರುದಿನ ನೋಡ್ತೀನಿ, ನೀರು ಗೆರಿಗಿಂತ ಕೆಳಗ! ಅದರ ಮರುದಿನ ಇನ್ನೂ ಕೆಳಗ. ಬ್ಯಾಸಗ್ಯಾಗ ನಮ್ಮೂರಾಗ ಮಂದಿ ನೀರಿನ ಬ್ಯಾರಲ್ಲಿಗೆ ಕೀಲಿ ಹಾಕ್ತಾರ. ಸಂದೇಹನೇ ಇಲ್ಲ, ಕಳುವು.

ಮೊದಲು ಹಾಲಿನಾಕಿನ್ನ ವಿಚಾರಿಸಿದೆ. ಮರುದಿನದಿಂದ ಅಕಿ ಹಾಲು ಬಂದ್ ಮಾಡಿದ್ಲು. ಆಮ್ಯಾಲ ಮನಿಯವರ ಮ್ಯಾಲ ಬಂದೆ.

"ಉಪ್ಪುನೀರು ಒಯ್ದು ನಾ ಏನ್ ಮಾಡ್ಲಿ?" ಅಂದ್ಲು ಹೆಂಡತಿ.

"ಬ್ಯಾಳಿ ಬೇಯಿಸಿದ್ರ ಉಪ್ಪು ಹಾಕೋದು ಉಳೀತದಲ್ಲ," ಅಂದೆ.

ಅವತ್ತಿನಿಂದ ನನ್ನ ತಾಟಿಗೆ ಬಂದ ಬ್ಯಾಳ್ಯಾಗ ಉಪ್ಪೇ ಇರಲಿಲ್ಲ.

ಆಮ್ಯಾಲ ತೊಟ್ಟಿ ನೀರು ನಾಲಿಗಿ ಮ್ಯಾಲ ಇಟ್ಟು ನೋಡಿದೆ. ಮೊದಲಿಗಿಂತ ಉಪ್ಪು ಜಾಸ್ತಿ ಆಗ್ಯದ! ಅಂದ್ರ ಈ ಕಳ್ಳ ನೀರಷ್ಟೇ ಒಯ್ತಾನ, ಉಪ್ಪು ಬಿಟ್ಟು ಹೋಗ್ತಾನ. ಇಂಥಾ ಕಸಬಿನಾವ ನನ್ನ ಕೈಗೆ ಸಿಕ್ಕಿರಲೇ ಇಲ್ಲ. ಬಾಗಿಲಾ ಹಾಕಿದೆ, ಗಾಳಿಗೆ ಒಂದೇ ಕಿಡಿಕಿ ಬಿಟ್ಟೆ, ಲಾಠಿ ತೊಡಿ ಮ್ಯಾಲ ಇಟ್ಟುಕೊಂಡು ಮುಂಜಾನಿಂದ ಸಂಜಿತನಾ ಕುರ್ಚಿ ಬಿಟ್ಟು ಏಳಲಿಲ್ಲ. ನನ್ನ ಕಣ್ಣೆದುರಿಗೇ ನೀರು ಇಳೀತು. ಆಗ ಖರೇನೇ ಹೆದರಿಕಿ ಆತು. ಆ ಹುಡುಗ ತನ್ನ ಸಂಸಾರ ನನ್ನ ಕೈಯಾಗ ಕೊಟ್ಟು ಹೋಗ್ಯಾನ, ಅದು ದಿನಾ ಬೆರಳಿನಷ್ಟು ಕೆಳಗ ಹೊಂಟಿತ್ತು.

"ಒಂದು ಕೊಡ ಸೀನೀರು ಸುರೀರಿ, ಸಮ ಆಗ್ತದ," ಅಂದ್ಲು ಹೆಂಡತಿ.

"ಮುಟ್ಟಬ್ಯಾಡ! ಸಾಕ್ಷಿ ಕೆಡ್ತದ," ಅಂದೆ.

ಒಂದಿನ ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೂ ಬಂದ್ರು. ಮಾಸ್ತರನ ಕೈಯಾಗ ಹಸಿ ಅರಬಿ ಸುತ್ತಿದ ಡಬ್ಬಿ, ಅದರಾಗ ಮೀನು. ಅಕಿ ಕೈಯಾಗ ಒಂದು ಸಣ್ಣ ಚೀಲ ಅಷ್ಟೇ. ಟ್ರಂಕಿಲ್ಲ, ಕನ್ನಡಿ ಇಲ್ಲ. ಮೀನು ಬದುಕೋ ಹಂಗಿದ್ರ ಇರ್ತೀನಿ, ಇಲ್ಲಂದ್ರ ಮುಂದಿನ ಬಸ್ಸಿಗೇ ತಿರುಗಿ ಹೋಗ್ತೀನಿ ಅಂತ ಮಾತು ತಗೊಂಡು ಬಂದಿದ್ಲಂತ. ಮಾಸ್ತರ ತೊಟ್ಟಿ ನೋಡಿದ. ಮಾರಿ ಸುಣ್ಣ ಆತು. "ಕಾಕಾ, ನೀರು?"

ನಾ ಎದ್ದು ನೆಟ್ಟಗ ನಿಂತು ಎಲ್ಲಾ ವರದಿ ಒಪ್ಪಿಸಿದೆ. ಹಾಲಿನಾಕಿ ವಿಚಾರಣಿ, ಬಾಗಿಲಾ ಹಾಕಿದ್ದು, ಕಾವಲು ಕುಂತಿದ್ದು. "ಕಳ್ಳ ಭಾಳ ಶಾಣ್ಯಾ ಇದ್ದಾನ. ನೀರು ಒಯ್ತಾನ, ಉಪ್ಪು ಇಲ್ಲೇ ಬಿಡ್ತಾನ," ಅಂದೆ.

ಆ ಹುಡುಗಿ ನೀರಾಗ ಬೆರಳು ಅದ್ದಿ ನಾಲಿಗಿಗೆ ಇಟ್ಟುಕೊಂಡ್ಲು. ನನ್ನ ನೋಡಿದ್ಲು. ಲಾಠಿ ನೋಡಿದ್ಲು. ಕಿಡಿಕ್ಯಾಗಿಂದ ಸೀದಾ ತೊಟ್ಟಿ ಮ್ಯಾಲ ಬಿದ್ದಿದ್ದ ಬಿಸಲು ನೋಡಿದ್ಲು. ಅವರ ಕಡೆ ಸಮುದ್ರದ ನೀರು ಗದ್ದ್ಯಾಗ ಹಾಯಿಸಿ ಬಿಸಲಿಗೆ ಬಿಟ್ಟು ಉಪ್ಪು ತಗೀತಾರಂತ, ನನಗೇನ್ ಗೊತ್ತು? ನನ್ನ ಕೈ ಹಿಡದು ಕಿಡಿಕಿ ಹತ್ರ ಕರಕೊಂಡು ಹೋಗಿ ಮ್ಯಾಲ ಬೆರಳು ತೋರಿಸಿದ್ಲು.

"ಕಾಕಾ, ಕಳ್ಳ ಅಲ್ಲಿದ್ದಾನೆ ನೋಡಿ. ದಿನಾ ನಿಮ್ಮ ಎದುರಿಗೇ ಬಂದು ಒಯ್ದಿದ್ದಾನೆ. ಹಿಡೀರಿ!"

ಹಂಗಂದು ನಗಾಕ ಸುರು ಮಾಡಿದ್ಲು. ಅಕಿ ನಗೂ ಸಪ್ಪಳ ನಮ್ಮ ಮನ್ಯಾಗ ಅವತ್ತೇ ಮೊದಲು ಕೇಳಿದ್ದು. ನಕ್ಕೋತನೇ ನನ್ನ ಹೆಂಡತಿ ಕೈಯಾಗಿಂದ ಸೀನೀರಿನ ಕೊಡ ಇಸಗೊಂಡು ತೊಟ್ಟಿಗೆ ಸುರಿದ್ಲು, ಇನ್ನೊಂದು ಕೊಡ ಸುರಿದ್ಲು, ತಡಕೊಳ್ಳಾಕ ಆಗದ ನೆಲಕ್ಕ ಕುಂತ್ಲು.

"ರೀ, ಟ್ರಂಕು ತರಿಸಿಬಿಡಿ ಮಾರಾಯ್ರೇ," ಅಂದ್ಲು ಗಂಡಗ, ಸೆರಗಿನಿಂದ ಕಣ್ಣು ಒರಸ್ಕೋತ. "ನಾನು ಹೋದ್ರೆ ಈ ಕಾಕಾ ಸೂರ್ಯನಿಗೇ ಬೇಡಿ ಹಾಕ್ತಾರೆ."

ಮಾಸ್ತರ ನಕ್ಕ, ಅತ್ತ, ಎರಡೂ ಒಮ್ಮೆಲೇ. ನನ್ನ ಹೆಂಡತಿನೂ ನಕ್ಲು. ಸಂಗಾಟ ಇರಲಿ ಅಂತ ನಾನೂ ನಕ್ಕೆ.

ಆದ್ರ ಒಂದು ಮಾತು ಕೇಳ್ತೀನಿ. ಮರುದಿನ ಮುಂಜಾನಿಂದ ಮೋಡ ಮುಚ್ಚಿತ್ತು. ಸೂರ್ಯ ದಿನಪೂರ್ತಿ ಈ ಕಡೆ ಹಾಯಲಿಲ್ಲ, ಅದಕ್ಕ ಊರಿಗೆ ಊರೇ ಸಾಕ್ಷಿ. ಸಂಜಿಗೆ ಹೋಗಿ ನೋಡಿದ್ರ ಅವತ್ತೂ ನೀರು ಇಳಿದಿತ್ತು. ಹಂಗಾರ ಅವತ್ತು ಒಯ್ದಾವ ಯಾರು?