ಸರ್ಕಲ್ಲಿನ ಫೇಟಾ

ಬೆಳಗಾಗುವುದರೊಳಗೆ ದುಂಡೇಶ ಊರ ಸರ್ಕಲ್ಲಿನಲ್ಲಿ ನಿಂತುಬಿಟ್ಟಿದ್ದ. ಅವನಲ್ಲ, ಅವನ ಬ್ಯಾನರು! ತಲೆಗೆ ಕೇಸರಿ ಫೇಟಾ, ಮುಖಕ್ಕೆ ಕಂಪ್ಯೂಟರಿನಲ್ಲಿ ಬಳಿದ ಬಿಳುಪು, ‘ತೆರಿಗೆ ತಡೆದ ಧೀರ, ಪಂಚಾಯಿತಿ ಮೆಂಬರ್’ ಎಂಬ ಅಕ್ಷರ, ತೀರಾ ಕೆಳಗೆ ದಪ್ಪಗೆ ‘ದುಂಡೇಶಣ್ಣ’. ಕುರಿ ಕಾಯ್ದು ದೊಡ್ಡವನಾದ ಮನುಷ್ಯ, ಅದನ್ನು ನೋಡಿ ಗೇಣುದ್ದ ಬೆಳೆದ.

“ಜಯಪಾಲಣ್ಣಾ, ಮೀಟಿಂಗ್ ಇನ್ನಾ ಮುಂದ ಐತಲ್ರಿ. ನಾ ಏನೂ ತಡದಿಲ್ಲ.”

“ತಡೀತೀರಿ ಬಿಡ್ರಿ, ಸಾಹೇಬ್ರ,” ಎಂದ ಸರ್ಕಲ್ಲಿನ ಬ್ಯಾನರ್ ಅಂಗಡಿಯ ಜಯಪಾಲ, ಕೈ ಮುಗಿದು. ಸಾಹೇಬ್ರ! ದುಂಡೇಶನ ಕಿವಿಗೆ ಜೇನು ಸುರಿದಂತಾಯಿತು.

ವಿಷಯ ಇಷ್ಟೇ. ಇನ್ನು ಮುಂದೆ ಸರ್ಕಲ್ಲಿನಲ್ಲಿ ಬ್ಯಾನರ್ ಕಟ್ಟಬೇಕಾದರೆ ಪಂಚಾಯಿತಿಗೆ ತೆರಿಗೆ ಕಟ್ಟಬೇಕು, ಊರವರ ಬಾಯಲ್ಲಿ ಅದು ಪಟ್ಟಿ. ಪಟ್ಟಿ ತುಂಬಿದವರಿಗೆ ವಾರದ ಮಟ್ಟಿಗೆ ಆ ಜಾಗ ಕಾಯಂ. ಬಂದ ಹಣದಲ್ಲಿ ಹೆಣ್ಣುಮಕ್ಕಳ ಶಾಲೆಗೆ ನಳ. ಇಂಥ ಠರಾವಿಗೆ ಮೆಂಬರುಗಳು ಅರ್ಧ ಅತ್ತ, ಅರ್ಧ ಇತ್ತ. ಉಳಿದದ್ದು ದುಂಡೇಶನ ಒಂದು ಕೈ. ಧಂದೆಗೆ ಪೆಟ್ಟು ಬಿದ್ದೀತೆಂದು ಜಯಪಾಲ ಆ ಕೈಯನ್ನೇ ಹಿಡಿದಿದ್ದ.

“ನಳಾ ಹಾಕಸ್ತೇನಿ ಅಂತ ಶಾಲಿ ಹುಡುಗ್ಯಾರಿಗೆ ಮಾತ ಕೊಟ್ಟಿದ್ರಿ,” ಎಂದಳು ಹೆಂಡತಿ ತಾರವ್ವ, ರೊಟ್ಟಿ ಬಡಿಯುತ್ತ.

“ಸಂಜೀಕ ತೆಲಸಂಗದ ಬೀಗರು ಬರಾಕತ್ತಾರ. ಬಸ್ ನಿಲ್ಲೂದು ಸರ್ಕಲ್ನ್ಯಾಗ. ಮಗಳ ಮದುವ್ಯಾಗ ನಾಕ ಮಂದಿ ಮುಂದ ನನ್ನ ‘ಕುರ್ಯಾಂವ’ ಅಂದಿದ್ರು. ಇವತ್ತ ಕಣ್ಣ ಬಿಟ್ಟ ನೋಡ್ಲಿ!”

ಮಧ್ಯಾಹ್ನದ ಮೀಟಿಂಗಿನಲ್ಲಿ ದುಂಡೇಶ ಎದೆಯುಬ್ಬಿಸಿ ಎದ್ದ. “ಬಡವ್ರ ಮ್ಯಾಲ ಪಟ್ಟಿ ಬ್ಯಾಡ!”

“ಬಡವ್ರು ಯಾವಾಗ ಬ್ಯಾನರ್ ಕಟ್ಟಸ್ಯಾರೋ ಯಪ್ಪಾ?” ಎಂದರು ಅಧ್ಯಕ್ಷೆ ಸುಜಾತಾ.

ಜಯಪಾಲ ಕಲಿಸಿದ ಭಾಷಣ ಅಲ್ಲಿಗೇ ಮುಗಿದಿತ್ತು. ದುಂಡೇಶ ಠರಾವಿನ ವಿರುದ್ಧ ಕೈ ಎತ್ತಿಯೇಬಿಟ್ಟ. ಠರಾವು ಬಿತ್ತು. ಹೊರಗೆ ಪಟಾಕಿ ಸಿಡಿದವು. ಅವನ ತಲೆಗೆ ಖರೇನೇ ಒಂದು ಫೇಟಾ ಬಂತು.

ಸಂಜೆ ಅದೇ ಫೇಟಾದಲ್ಲಿ, ತಾರವ್ವನನ್ನೂ ಎಳೆದುಕೊಂಡು, ಸರ್ಕಲ್ಲಿಗೆ ಬಂದು ಮೇಲೆ ನೋಡಿದ. ಮೇಲೆ ಫೇಟಾ ಇತ್ತು, ಕೆಳಗೆ ಹೆಸರಿತ್ತು. ನಡುವೆ ಅವನ ಮುಖವೂ ಬಿರುದೂ ಇದ್ದಲ್ಲಿ ಇನ್ನೊಂದು ಬ್ಯಾನರು. ಊರ ರೈತ ಲಖನನ ಎತ್ತು ಓಟದ ಶರ್ಯತ್ತು ಗೆದ್ದಿತ್ತು; ಅದಕ್ಕೆ ಇಂದು ಹುಟ್ಟುಹಬ್ಬವಂತೆ. ಅದು ದುಂಡೇಶನ ಫೇಟಾದಡಿ ಗತ್ತಿನಿಂದ ನಿಂತಿತ್ತು.

“ಜಯಪಾಲಣ್ಣಾ! ಯಾಂವಾ ಇದನ್ನ ಕಟ್ಟಿದಾಂವಾ?”

“ನಾನಽ ರೀ. ಗಿರಾಕಿ ಬಂದ. ಪಟ್ಟಿ ಇದ್ದಿದ್ರ ಜಾಗಾ ನಿಮ್ಮದಂತ ನಾನೂ ಬಡದಾಡ್ತಿದ್ದೆ. ಈಗ ಯಾರ ಬೇಕಾದ್ರೂ ಕಟ್ಟಬೌದಲ್ರಿ? ನೀವಽ ಮಾಡಿದ್ದು, ಸಾಹೇಬ್ರ.”

ತಾರವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಷ್ಟರಲ್ಲಿ ಬಸ್ಸು ಬಂತು. ಬೀಗ ಧೂಳಪ್ಪ ಇಳಿದವನೇ ಮೇಲೆ ನೋಡಿ ಟೋಪಿ ತೆಗೆದ.

“ಎಪ್ಪಾ, ಏನ್ ಗತ್ತು! ಇಂಥಾ ಎತ್ತಿಗೆ ನಿಮ್ಮ ಹೆಸರ ಇಟ್ಟಾರಲ್ರಿ ಬೀಗರ! ಊರಾಗ ನಿಮಗ ಭಾಳ ಮರ್ಯಾದಿ ಐತಿ ಬಿಡ್ರಿ!”

ದುಂಡೇಶ ಮೀಸೆ ತಿರುವಿದ. “ಹೌದ್ರಿ. ಎಲ್ಲಾ ಮಂದಿ ಪ್ರೀತಿ.”

“ಎತ್ತಿನ ಜೋಡಿ ನಂದೊಂದು ಫೋಟೋ ಹೊಡೀರಿ. ಆ ಫೇಟಾ ಈ ಕಡೆ ಕೊಡ್ರಿ ಸ್ವಲ್ಪ.”

ಫೇಟಾ ಬೀಗನ ತಲೆಗೇರಿತು. ಕುರ್ಯಾಂವ ಬರಿ ತಲೆಯಲ್ಲಿ ಮೊಬೈಲು ಹಿಡಿದು ನಿಂತ.

“ನಗ್ರಿ, ಬೀಗರ,” ಎಂದ.